502 ಕಂಡಾಗ ಎಲ್ಲಿ ನೋಡಬೇಕು: ಎಂಜಿನ್‌ಎಕ್ಸ್ ರಿವರ್ಸ್ ಪ್ರಾಕ್ಸಿ ದೋಷ ನಿವಾರಣೆ

ಎಂಜಿನ್‌ಎಕ್ಸ್ ಒಂದು ವೆಬ್ ಸರ್ವರ್. ಅದನ್ನು ಆಪ್ ಮುಂದೆ ನಿಲ್ಲಿಸಿ, ಬಂದ ರಿಕ್ವೆಸ್ಟ್‌ಗಳನ್ನು ಆಪ್‌ಗೆ ದಾಟಿಸಿ ಉತ್ತರ ತರಿಸಿಕೊಂಡರೆ ಅದೇ ರಿವರ್ಸ್ ಪ್ರಾಕ್ಸಿ. ಹೀಗೆ ಪ್ರಾಕ್ಸಿ ಹಿಂದೆ ಆಪ್ ಇಟ್ಟಾಗ ಒಂದು ರಿಕ್ವೆಸ್ಟ್‌ಗೆ ಎರಡು ಸಂಪರ್ಕ ಬೇಕು. ಬ್ರೌಸರ್‌ನಿಂದ ಎಂಜಿನ್‌ಎಕ್ಸ್‌ಗೆ ಒಂದು, ಎಂಜಿನ್‌ಎಕ್ಸ್‌ನಿಂದ ಆಪ್‌ಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಹೆಡರ್ (ರಿಕ್ವೆಸ್ಟ್ ಮತ್ತು ಉತ್ತರದ ಜೊತೆ ಹೋಗುವ ವಿವರದ ಸಾಲುಗಳು), ಬೇರೆ ಬೇರೆ ಕಾಲಮಿತಿ. ಒಮ್ಮೊಮ್ಮೆ ಎಚ್‌ಟಿಟಿಪಿ ಆವೃತ್ತಿಯೂ ಬೇರೆ. ಪರದೆ ಮೇಲೆ 502 ಬ್ಯಾಡ್ ಗೇಟ್‌ವೇ (ಹಿಂದಿನ ಆಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಅಂತ ಪ್ರಾಕ್ಸಿ ಹೇಳುವ ಎರರ್) ಬಂದರೆ ಮೊದಲ ಪ್ರಶ್ನೆ ಒಂದೇ: ಈ ಎರಡರಲ್ಲಿ ಕೈಕೊಟ್ಟಿದ್ದು ಯಾವುದು, ಯಾವ ಹಂತದಲ್ಲಿ?

ಬಹಳ ಜನ ಈ ಪ್ರಶ್ನೆ ಕೇಳುವುದೇ ಇಲ್ಲ. ಕಾನ್ಫಿಗ್ (ಎಂಜಿನ್‌ಎಕ್ಸ್‌ನ ಸೆಟ್ಟಿಂಗ್ ಕಡತ) ತೆಗೆದು ಟೈಮ್‌ಔಟ್‌ಗಳನ್ನೆಲ್ಲ 300 ಸೆಕೆಂಡ್‌ಗೆ ಏರಿಸುತ್ತಾರೆ, ಬಫರ್ ದೊಡ್ಡದು ಮಾಡುತ್ತಾರೆ, ಎಲ್ಲಿಂದಲೋ ತಂದ ಒಂದಷ್ಟು ಸಾಲು ಅಂಟಿಸಿ ರೀಲೋಡ್ ಕೊಡುತ್ತಾರೆ. ಒಮ್ಮೊಮ್ಮೆ ಸರಿಹೋಗುವುದೂ ಉಂಟು. ಯಾಕೆ ಸರಿಹೋಯಿತು ಅಂತ ಮಾತ್ರ ಗೊತ್ತಾಗುವುದಿಲ್ಲ. ಹಾಗಾಗಿ ಅದೇ ದೋಷ ಮತ್ತೆ ಬಂದಾಗ ಮತ್ತೆ ಅದೇ ಪರದಾಟ. ಕಾನ್ಫಿಗ್ ಮುಟ್ಟುವ ಮುಂಚೆ ಲಾಗ್ ಓದಿ. ಈ ಬರಹದಲ್ಲಿ ನಾನು ಹೇಳುವುದರಲ್ಲಿ ಹೆಚ್ಚಿನದು ಅದೇ.

ಎರರ್ ಕೊಟ್ಟಿದ್ದು ಯಾರು?

ಎಂಜಿನ್‌ಎಕ್ಸ್ ತಾನೇ ಕೊಡುವ ಎರರ್ ಬೇರೆ, ಆಪ್ ಕೊಟ್ಟಿದ್ದನ್ನು ಸುಮ್ನೆ ದಾಟಿಸುವ ಎರರ್ ಬೇರೆ. 500 ಬಂದರೆ ಸಾಮಾನ್ಯವಾಗಿ ಅದು ಆಪ್‌ನದು. 502 ಮತ್ತು 504 (ಉತ್ತರಕ್ಕೆ ಕಾದು ಸಮಯ ಮೀರಿತು) ಬಹುಪಾಲು ಪ್ರಾಕ್ಸಿಯವು. 404 (ಪುಟ ಸಿಗಲಿಲ್ಲ), 400 (ರಿಕ್ವೆಸ್ಟೇ ಸರಿಯಿಲ್ಲ), 413 (ಕಳಿಸಿದ್ದು ತೀರಾ ದೊಡ್ಡದು) ಇವು ಯಾರದು ಬೇಕಾದರೂ ಆಗಿರಬಹುದು. ಪುಟದ ಅಡಿಯಲ್ಲಿ 'ಎಂಜಿನ್‌ಎಕ್ಸ್' ಅಂತ ಒಂದೇ ಗೆರೆ ಇರುವ ಬಿಳಿ ಪುಟ ಕಂಡರೆ ಅದು ಪ್ರಾಕ್ಸಿಯ ಉತ್ತರ. ಆದರೆ ಅಷ್ಟನ್ನೇ ನಂಬಿ ಕೂರಬೇಡಿ. ಮುಂದೆ ಒಂದು, ಹಿಂದೆ ಒಂದು ಅಂತ ಎರಡು ಎಂಜಿನ್‌ಎಕ್ಸ್ ಇದ್ದರೆ ಎರಡರ ಪುಟವೂ ಒಂದೇ ಥರ ಕಾಣುತ್ತದೆ.

ಖಚಿತವಾಗಿ ತಿಳಿಯಬೇಕಾದರೆ ಆಕ್ಸೆಸ್ ಲಾಗ್‌ನಲ್ಲಿ (ಬಂದ ರಿಕ್ವೆಸ್ಟ್‌ಗಳ ದಾಖಲೆ) ಕೆಲವು ವಿವರ ಸೇರಿಸಿಕೊಳ್ಳಿ. ಅಪ್‌ಸ್ಟ್ರೀಮ್ ಅಂದರೆ ಪ್ರಾಕ್ಸಿ ಹಿಂದಿರುವ ಆಪ್. ಲಾಗ್_ಫಾರ್ಮ್ಯಾಟ್‌ಗೆ ಈ ನಾಲ್ಕು ಹಾಕಿದರೆ ಸಾಕು: $ರಿಕ್ವೆಸ್ಟ್_ಟೈಮ್, $ಅಪ್‌ಸ್ಟ್ರೀಮ್_ಅಡ್ರ್, $ಅಪ್‌ಸ್ಟ್ರೀಮ್_ಸ್ಟೇಟಸ್, $ಅಪ್‌ಸ್ಟ್ರೀಮ್_ರೆಸ್ಪಾನ್ಸ್_ಟೈಮ್. ಮೊದಲೇ ಇರುವ ಲಾಗ್ ರೂಪದಲ್ಲಿ ಇವು ಇರುವುದಿಲ್ಲ. ಯಾಕೆ ಇಟ್ಟಿಲ್ಲವೋ ನನಗಂತೂ ಬೇಜಾರು. ಪ್ರಾಕ್ಸಿ ಕೆಲಸಕ್ಕೆ ಎಂಜಿನ್‌ಎಕ್ಸ್ ಬಳಸುವವರು ಮೊದಲ ದಿನವೇ ಇವನ್ನು ಹಾಕಿಕೊಳ್ಳುವುದು ಒಳ್ಳೆಯದು. ದೋಷ ಬಂದ ಮೇಲೆ ಹಾಕಿದರೆ ಆಗಿಹೋದದ್ದು ಲಾಗ್‌ನಲ್ಲಿ ಸಿಗುವುದಿಲ್ಲ.

ಈಗ ಓದುವುದು ಸುಲಭ. ಅಪ್‌ಸ್ಟ್ರೀಮ್ ಸ್ಟೇಟಸ್ ಜಾಗದಲ್ಲಿ ಬರೀ '-' ಇದ್ದರೆ ರಿಕ್ವೆಸ್ಟ್ ಆಪ್ ಕಡೆ ಹೋಗಲೇ ಇಲ್ಲ. ಪ್ರಾಕ್ಸಿಯೇ ಬಾಗಿಲಲ್ಲಿ ವಾಪಸ್ ಕಳಿಸಿದೆ. ಅಲ್ಲಿ 413 ಇದ್ದರೆ ಆಪ್ ಕೊಟ್ಟ 413. ಒಂದೇ ಜಾಗದಲ್ಲಿ ಅಲ್ಪವಿರಾಮ ಹಾಕಿ ಎರಡು ಸಂಖ್ಯೆ ಬಂದಿದ್ದರೆ, ಎಂಜಿನ್‌ಎಕ್ಸ್ ಒಂದು ಕಡೆ ಪ್ರಯತ್ನಪಟ್ಟು ಸೋತು ಇನ್ನೊಂದು ಕಡೆ ಹೋಗಿದೆ ಅಂತ ಅರ್ಥ. ಈ ಅಲ್ಪವಿರಾಮ ಎಷ್ಟು ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇದರ ಜೊತೆಗೆ ಒಂದು ನೇರ ಪರೀಕ್ಷೆ ಮಾಡಿ. ಪ್ರಾಕ್ಸಿ ಇರುವ ಯಂತ್ರಕ್ಕೇ ಲಾಗಿನ್ ಆಗಿ ಅಲ್ಲಿಂದ ಆಪ್‌ನ ಪೋರ್ಟ್‌ಗೆ 'ಕರ್ಲ್ -ವಿ' (ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಆಜ್ಞೆ) ಕೊಡಿ. ನಿಮ್ಮ ಲ್ಯಾಪ್‌ಟಾಪ್‌ನಿಂದ ಕೊಟ್ಟರೆ ಪ್ರಯೋಜನವಿಲ್ಲ, ಅದು ಬೇರೆಯೇ ದಾರಿ. ಯಾವ ಸೈಟ್ ಬೇಕು ಅಂತ ಹೇಳುವ ಹೋಸ್ಟ್ ಹೆಡರ್ ಕೂಡ ನಿಜವಾದ ಡೊಮೇನ್ ಹೆಸರಿನಲ್ಲೇ ಕಳಿಸಿ. ಅಲ್ಲಿ ಉತ್ತರ ಸರಿಯಾಗಿ ಬಂದರೆ ಆಪ್ ಬದುಕಿದೆ, ದೋಷ ನಡುವೆ ಎಲ್ಲೋ ಇದೆ. ಬರಲಿಲ್ಲ ಅಂದರೆ ಪ್ರಾಕ್ಸಿ ಕಾನ್ಫಿಗ್ ಮುಚ್ಚಿಡಿ, ಆಪ್ ಕಡೆ ಹೋಗಿ.

ಎರರ್ ಲಾಗ್‌ನ ಸಾಲಲ್ಲಿ ಎರಡು ಜಾಗ ನೋಡಿ

ಎಂಜಿನ್‌ಎಕ್ಸ್‌ನ ಎರರ್ ಲಾಗ್ ಉದ್ದುದ್ದ ಸಾಲು ಬರೆಯುತ್ತದೆ. ಅದರಲ್ಲಿ ಎರಡು ತುಣುಕು ಮುಖ್ಯ. ಒಂದು, ಆವರಣದೊಳಗಿನ ಸಂಖ್ಯೆ. ಅದು ಆಪರೇಟಿಂಗ್ ಸಿಸ್ಟಮ್ ಕೊಟ್ಟ ಕಾರಣ. ಇನ್ನೊಂದು, 'ವೈಲ್' ಅಂತ ಶುರುವಾಗುವ ಮಾತು. ಯಾವ ಕೆಲಸ ಮಾಡುತ್ತಿದ್ದಾಗ ಕೆಟ್ಟಿತು ಅಂತ ಅದು ಹೇಳುತ್ತದೆ. 'ವೈಲ್ ಕನೆಕ್ಟಿಂಗ್ ಟು ಅಪ್‌ಸ್ಟ್ರೀಮ್' ಅಂತಿದ್ದರೆ ಸಂಪರ್ಕವೇ ಆಗಿಲ್ಲ. 'ವೈಲ್ ರೀಡಿಂಗ್ ರೆಸ್ಪಾನ್ಸ್ ಹೆಡರ್ ಫ್ರಮ್ ಅಪ್‌ಸ್ಟ್ರೀಮ್' ಅಂತಿದ್ದರೆ ಸಂಪರ್ಕ ಆಗಿದೆ, ರಿಕ್ವೆಸ್ಟ್ ಹೋಗಿದೆ, ಉತ್ತರದ ಮೊದಲ ಭಾಗಕ್ಕೆ ಕಾಯುವಾಗ ಕೆಟ್ಟಿದೆ. ಈ ಒಂದು ವ್ಯತ್ಯಾಸವೇ ಹುಡುಕಾಟವನ್ನು ಅರ್ಧಕ್ಕರ್ಧ ಕಡಿಮೆ ಮಾಡುತ್ತದೆ.

111, ಕನೆಕ್ಷನ್ ರೆಫ್ಯೂಸ್ಡ್. ಆ ವಿಳಾಸದಲ್ಲಿ, ಆ ಪೋರ್ಟ್‌ನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ. 'ಎಸ್‌ಎಸ್ -ಎಲ್‌ಟಿಎನ್‌ಪಿ' ಕೊಟ್ಟು ಆಪ್ ಯಾವ ವಿಳಾಸಕ್ಕೆ ಅಂಟಿಕೊಂಡಿದೆ ನೋಡಿ. ಆಪ್ ಸತ್ತಿರಬಹುದು, ಪೋರ್ಟ್ ಬೇರೆ ಇರಬಹುದು. ಆಪ್ ಇನ್ನೊಂದು ಯಂತ್ರದಲ್ಲಿದ್ದು 127.0.0.1ಕ್ಕೆ ಮಾತ್ರ ಅಂಟಿಕೊಂಡಿದ್ದರೂ ಹೊರಗಿನಿಂದ ಬಂದವರಿಗೆ ಇದೇ ಉತ್ತರ.

110, ಟೈಮ್ಡ್ ಔಟ್. ಇದು 'ಕನೆಕ್ಟಿಂಗ್' ಜೊತೆ ಬಂದರೆ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ನುಂಗುತ್ತಿದೆ, ಇಲ್ಲವೇ ಐಪಿ ವಿಳಾಸವೇ ತಪ್ಪು. 'ರೀಡಿಂಗ್' ಜೊತೆ ಬಂದರೆ ಆಪ್ ನಿಧಾನ. ಸಂಖ್ಯೆ ಒಂದೇ, ಕಾರಣಗಳು ಪೂರ್ತಿ ಬೇರೆ.

13, ಪರ್ಮಿಷನ್ ಡಿನೈಡ್. ಇದು ಹೊಸಬರನ್ನು ಜಾಸ್ತಿ ಗೋಳಾಡಿಸುತ್ತದೆ. ಕರ್ಲ್ ಕೊಟ್ಟರೆ ಆಪ್ ಚೆನ್ನಾಗಿ ಉತ್ತರಿಸುತ್ತದೆ, ಎಂಜಿನ್‌ಎಕ್ಸ್ ಮೂಲಕ ಹೋದರೆ 502. ಟಿಸಿಪಿ ಪೋರ್ಟ್‌ಗೆ ಸಂಪರ್ಕಿಸುವಾಗ 13 ಬಂತು ಅಂದರೆ ಹೆಚ್ಚಾಗಿ ಅದು ಎಸ್‌ಇಲಿನಕ್ಸ್ (ಲಿನಕ್ಸ್‌ನ ಒಂದು ಭದ್ರತಾ ಕಾವಲು) ಕೆಲಸ. ರೆಡ್ ಹ್ಯಾಟ್ ಬಳಗದ ವಿತರಣೆಗಳಲ್ಲಿ ವೆಬ್ ಸರ್ವರ್ ತಾನಾಗಿ ಹೊರಗೆ ಸಂಪರ್ಕ ಮಾಡುವುದಕ್ಕೆ ಮೊದಲಿಂದಲೇ ತಡೆ ಇರುತ್ತದೆ. 'ಸೆಟ್‌ಎಸ್‌ಇಬೂಲ್ -ಪಿ' ಜೊತೆ 'ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್' ಅನ್ನುವ ಸ್ವಿಚ್ ಆನ್ ಮಾಡಿದರೆ ಮುಗಿಯಿತು. ದಯವಿಟ್ಟು ಎಸ್‌ಇಲಿನಕ್ಸನ್ನೇ ಪೂರ್ತಿ ಆರಿಸಬೇಡಿ. ಒಂದು ಸ್ವಿಚ್‌ಗೋಸ್ಕರ ಇಡೀ ಕಾವಲನ್ನೇ ತೆಗೆದಂತಾಗುತ್ತದೆ. ಯುನಿಕ್ಸ್ ಸಾಕೆಟ್ (ಪೋರ್ಟ್ ಬದಲು ಒಂದು ಕಡತದ ಮೂಲಕ ಸಂಪರ್ಕ) ಬಳಸುತ್ತಿದ್ದರೆ 13ಕ್ಕೆ ಕಾರಣ ಸಾದಾ ಕಡತ ಅನುಮತಿಯೂ ಆಗಿರಬಹುದು. ಸಾಕೆಟ್ ಮೇಲೆ ಮಾತ್ರವಲ್ಲ, ಅದಿರುವ ಎಲ್ಲ ಫೋಲ್ಡರ್‌ಗಳ ಒಳಗೆ ಹೋಗಲೂ ಎಂಜಿನ್‌ಎಕ್ಸ್‌ನ ಬಳಕೆದಾರನಿಗೆ ಅನುಮತಿ ಬೇಕು.

2, ನೋ ಸಚ್ ಫೈಲ್. ಇದೂ ಸಾಕೆಟ್‌ನದೇ ಕಥೆ. ಇಲ್ಲಿ ಒಂದು ಮೋಜಿನ ಪ್ರಸಂಗವಿದೆ. ನೀವು ನೋಡಿದರೆ ಆಪ್ ಸಾಕೆಟ್ಟನ್ನು '/ಟಿಎಂಪಿ' ಫೋಲ್ಡರ್‌ನಲ್ಲಿ ಮಾಡಿದ್ದೇನೆ ಅನ್ನುತ್ತದೆ. ಎಂಜಿನ್‌ಎಕ್ಸ್ ಅಲ್ಲಿ ಏನೂ ಇಲ್ಲ ಅನ್ನುತ್ತದೆ. ಇಬ್ಬರೂ ನಿಜವೇ ಹೇಳುತ್ತಿದ್ದಾರೆ. ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) 'ಪ್ರೈವೇಟ್‌ಟಿಎಂಪಿ' ಆನ್ ಇದ್ದರೆ ಆ ಸರ್ವಿಸ್‌ಗೆ ಅದರದೇ ಖಾಸಗಿ ಟಿಎಂಪಿ ಸಿಗುತ್ತದೆ, ಬೇರೆಯವರಿಗೆ ಅದು ಕಾಣುವುದಿಲ್ಲ. ಸಾಕೆಟ್ಟನ್ನು '/ರನ್' ಕೆಳಗೆ ಇಡಿ.

ಹತ್ತು ಸೆಕೆಂಡ್ ಬಂದು ಹೋಗುವ 502

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಲಾಗ್ ಸರಿಯಾಗಿ ಓದಿದರೆ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಲಕ್ಷಣ ಹೀಗಿರುತ್ತದೆ. ಸೈಟ್ ದಿನವಿಡೀ ಚೆನ್ನಾಗಿ ಓಡುತ್ತದೆ. ಇದ್ದಕ್ಕಿದ್ದಂತೆ ಕೆಲವರಿಗೆ 502 ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಯಾರಾದರೂ ಸರ್ವರ್ ಒಳಗೆ ಹೋಗಿ ನೋಡುವಷ್ಟರಲ್ಲಿ ಎಲ್ಲ ಸರಿ. ಆಪ್ ಬಿದ್ದಿಲ್ಲ, ಮೆಮೊರಿ ಮುಗಿದಿಲ್ಲ. ಎರರ್ ಲಾಗ್‌ನಲ್ಲಿ 'ನೋ ಲೈವ್ ಅಪ್‌ಸ್ಟ್ರೀಮ್ಸ್' ಅಂತ ಒಂದು ರಾಶಿ ಸಾಲು. ಇರುವುದೇ ಒಂದು ಆಪ್, ಅದೂ ಬದುಕಿದೆ. ಹಾಗಿರುವಾಗ ಜೀವಂತ ಅಪ್‌ಸ್ಟ್ರೀಮ್ ಯಾವುದೂ ಇಲ್ಲ ಅಂದರೆ ಏನರ್ಥ?

ರಿಕ್ವೆಸ್ಟನ್ನು ಎಲ್ಲಿಗೆ ದಾಟಿಸಬೇಕು ಅಂತ ಹೇಳುವ ಈ ಸಾಲು ಕಾನ್ಫಿಗ್‌ನಲ್ಲಿ ಇರುತ್ತದೆ:

ಪ್ರಾಕ್ಸಿ_ಪಾಸ್ ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:3000;

ನೋಡಲು ಏನೂ ತಪ್ಪಿಲ್ಲ, ಅಲ್ವಾ? ಆದರೆ ಬಹಳಷ್ಟು ಯಂತ್ರಗಳಲ್ಲಿ 'ಲೋಕಲ್‌ಹೋಸ್ಟ್' ಅನ್ನುವ ಹೆಸರಿಗೆ ಎರಡು ವಿಳಾಸ. ಐಪಿವಿ4ರಲ್ಲಿ 127.0.0.1, ಐಪಿವಿ6ರಲ್ಲಿ ::1. ಎಂಜಿನ್‌ಎಕ್ಸ್ ಇದನ್ನು ಎರಡು ಸರ್ವರ್ ಇರುವ ಗುಂಪು ಅಂತಲೇ ತಿಳಿಯುತ್ತದೆ. ಆಪ್ ಮಾತ್ರ 127.0.0.1ರಲ್ಲಿ ಅಷ್ಟೇ ಕೇಳುತ್ತಿದೆ. ಸರದಿ ::1ಕ್ಕೆ ಬಂದಾಗ ರೆಫ್ಯೂಸ್ಡ್, ಕೂಡಲೇ ಇನ್ನೊಂದಕ್ಕೆ ಹೋಗಿ ಉತ್ತರ ತರುತ್ತದೆ. ಬಳಕೆದಾರನಿಗೆ ಏನೂ ಗೊತ್ತಾಗುವುದಿಲ್ಲ. ಎರರ್ ಲಾಗ್‌ನಲ್ಲಿ ಮಾತ್ರ ಆಗಾಗ ಒಂದು 111 ಬೀಳುತ್ತಿರುತ್ತದೆ. ಸೈಟ್ ಓಡುತ್ತಿದೆಯಲ್ಲ, ಬಿಡು ಅಂತ ಯಾರೂ ಅದನ್ನು ಗಮನಿಸುವುದಿಲ್ಲ.

ಗುಂಪಿನಲ್ಲಿ ಒಂದಕ್ಕಿಂತ ಹೆಚ್ಚು ಸರ್ವರ್ ಇದ್ದರೆ ಇನ್ನೊಂದು ನಿಯಮ ಜಾರಿಗೆ ಬರುತ್ತದೆ. 'ಮ್ಯಾಕ್ಸ್_ಫೇಲ್ಸ್' ಮೊದಲೇ (ನಾವು ಬದಲಿಸದಿದ್ದರೆ) 1, 'ಫೇಲ್_ಟೈಮ್‌ಔಟ್' ಮೊದಲೇ 10 ಸೆಕೆಂಡ್. ಅಂದರೆ ಒಂದು ಸಲ ಸೋತ ಸರ್ವರನ್ನು ಹತ್ತು ಸೆಕೆಂಡ್ ಬದಿಗಿಡುತ್ತದೆ. ಗುಂಪಿನಲ್ಲಿ ಒಂದೇ ಸರ್ವರ್ ಇದ್ದಿದ್ದರೆ ಈ ನಿಯಮ ಲೆಕ್ಕಕ್ಕೇ ಬರುವುದಿಲ್ಲ. ಇರುವ ಒಬ್ಬನನ್ನೂ ಬದಿಗಿಟ್ಟರೆ ಕೆಲಸ ಮಾಡುವವರು ಯಾರು?

ಈಗ ಯಾರೋ ಒಬ್ಬರು ಒಂದು ದೊಡ್ಡ ವರದಿ ತೆಗೆಯಲು ಹೊರಡುತ್ತಾರೆ. ಆಪ್‌ಗೆ ಅದಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. 60 ಸೆಕೆಂಡ್ ಆಗುತ್ತಿದ್ದಂತೆ ಎಂಜಿನ್‌ಎಕ್ಸ್ ಕೈಬಿಡುತ್ತದೆ, 127.0.0.1 ಸೋತಿತು ಅಂತ ಗುರುತು ಹಾಕುತ್ತದೆ. ಅದೇ ರಿಕ್ವೆಸ್ಟ್ ಹಿಡಿದುಕೊಂಡು ::1ಕ್ಕೆ ಹೋಗುತ್ತದೆ. ಅಲ್ಲಿ ರೆಫ್ಯೂಸ್ಡ್. ಅದಕ್ಕೂ ಸೋತ ಗುರುತು. ಆಕ್ಸೆಸ್ ಲಾಗ್‌ನಲ್ಲಿ ಆ ರಿಕ್ವೆಸ್ಟ್‌ನ ಅಪ್‌ಸ್ಟ್ರೀಮ್ ಭಾಗ ಹೀಗೆ ಕಾಣುತ್ತದೆ:

127.0.0.1:3000, [::1]:3000 | 504, 502 | 60.000, 0.000

ಇಲ್ಲಿಂದ ಹತ್ತು ಸೆಕೆಂಡ್ ಎರಡೂ ಬದಿಗೆ. ಅಷ್ಟರಲ್ಲಿ ಬಂದ ಹೊಸ ರಿಕ್ವೆಸ್ಟ್‌ಗಳಿಗೆಲ್ಲ ಕೂಡಲೇ 502. ಅವುಗಳ ಅಪ್‌ಸ್ಟ್ರೀಮ್ ವಿಳಾಸದ ಜಾಗದಲ್ಲಿ ಐಪಿ ಇರುವುದಿಲ್ಲ, ಬರೀ 'ಲೋಕಲ್‌ಹೋಸ್ಟ್' ಅನ್ನುವ ಹೆಸರು. ಯಾವ ಸರ್ವರನ್ನೂ ಆರಿಸಲು ಆಗದಿದ್ದಾಗ ಎಂಜಿನ್‌ಎಕ್ಸ್ ಗುಂಪಿನ ಹೆಸರನ್ನೇ ಬರೆಯುತ್ತದೆ. ಎಲ್ಲರಿಗೂ ಯಾಕೆ ಬರುವುದಿಲ್ಲ ಅಂದರೆ, ಎಂಜಿನ್‌ಎಕ್ಸ್ ತನ್ನ ಕೆಲಸವನ್ನು ವರ್ಕರ್ ಅನ್ನುವ ಪ್ರಕ್ರಿಯೆಗಳಿಗೆ ಹಂಚುತ್ತದೆ, ಈ ಸೋತ ಗುರುತು ಒಂದೊಂದು ವರ್ಕರ್‌ಗೂ ಪ್ರತ್ಯೇಕ. ಗುಂಪಿಗೆ 'ಝೋನ್' ಹಾಕಿ ಹಂಚಿಕೊಳ್ಳುವ ಮೆಮೊರಿ ಕೊಟ್ಟಿಲ್ಲದಿದ್ದರೆ ಒಬ್ಬ ವರ್ಕರ್ ಕಂಡದ್ದು ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ.

ಪರಿಹಾರ ಸಣ್ಣದು. 'ಲೋಕಲ್‌ಹೋಸ್ಟ್' ತೆಗೆದು 127.0.0.1 ಬರೆಯಿರಿ. ಆ ವರದಿ ಆಮೇಲೂ 504 ಕೊಡುತ್ತದೆ, ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಆದರೆ ಒಬ್ಬರ ವರದಿಗೆ ಮಿಕ್ಕವರೆಲ್ಲ ದಂಡ ತೆರುವುದು ನಿಲ್ಲುತ್ತದೆ. ನಿಜವಾಗಿಯೂ ಎರಡು ಮೂರು ಆಪ್ ಸರ್ವರ್ ಇರುವವರಿಗೂ ಇದೇ ಗಂಡಾಂತರ ಇದ್ದೇ ಇದೆ. ಒಂದೇ ಸೋಲಿಗೆ ಹೊರಗೆ ಹಾಕುವುದು ತೀರಾ ಕಠಿಣ ಅನ್ನಿಸಿದರೆ ಮ್ಯಾಕ್ಸ್_ಫೇಲ್ಸ್ ಏರಿಸಿ. 0 ಕೊಟ್ಟರೆ ಈ ಲೆಕ್ಕವೇ ಇರುವುದಿಲ್ಲ.

ಗಡಿಯಾರ ನೋಡಿ

ನಿಧಾನದ ದೋಷಗಳಲ್ಲಿ ಎಷ್ಟು ಸೆಕೆಂಡ್‌ಗೆ ಕೆಟ್ಟಿತು ಅನ್ನುವುದೇ ಅರ್ಧ ಉತ್ತರ. ಸರಿಯಾಗಿ 60 ಸೆಕೆಂಡ್‌ಗೆ 504 ಬಂದರೆ ಅದು ಎಂಜಿನ್‌ಎಕ್ಸ್‌ನ ಪ್ರಾಕ್ಸಿ_ರೀಡ್_ಟೈಮ್‌ಔಟ್. ಅದು ಇಡೀ ಉತ್ತರಕ್ಕೆ ಹಾಕಿದ ಮಿತಿಯಲ್ಲ. ಎರಡು ಓದುಗಳ ನಡುವಿನ ಮಿತಿ. ಆಪ್ ಆಗಾಗ ಸ್ವಲ್ಪ ಸ್ವಲ್ಪ ಡೇಟಾ ಕಳಿಸುತ್ತಿದ್ದರೆ ಗಂಟೆಗಟ್ಟಲೆ ಓಡಬಹುದು.

ಸರಿಯಾಗಿ 30 ಸೆಕೆಂಡ್‌ಗೆ 502 ಬಂದು, ಲಾಗ್‌ನಲ್ಲಿ 'ಅಪ್‌ಸ್ಟ್ರೀಮ್ ಪ್ರಿಮೆಚ್ಯೂರ್‌ಲಿ ಕ್ಲೋಸ್ಡ್ ಕನೆಕ್ಷನ್' ಅಂತಿದ್ದರೆ ಆಪ್ ಕಡೆಯವರೇ ಫೋನ್ ಇಟ್ಟಿದ್ದಾರೆ. ಪೈಥಾನ್ ಆಪ್‌ಗಳಿಗೆ ಬಳಸುವ ಗುನಿಕಾರ್ನ್‌ನಲ್ಲಿ ವರ್ಕರ್‌ನ ಟೈಮ್‌ಔಟ್ ಮೊದಲೇ 30 ಸೆಕೆಂಡ್. ಅಷ್ಟರಲ್ಲಿ ಮುಗಿಸದ ವರ್ಕರನ್ನು ಅದು ಕೊಂದುಹಾಕಿ ತನ್ನ ಲಾಗ್‌ನಲ್ಲಿ 'ವರ್ಕರ್ ಟೈಮ್‌ಔಟ್' ಅಂತ ಬರೆಯುತ್ತದೆ. ಇಲ್ಲಿ ಎಂಜಿನ್‌ಎಕ್ಸ್‌ನ ಟೈಮ್‌ಔಟ್ ಎಷ್ಟು ಏರಿಸಿದರೂ ಒಂದು ಸೆಕೆಂಡ್ ಕೂಡ ಹೆಚ್ಚಿಗೆ ಸಿಗುವುದಿಲ್ಲ.

499 ಅನ್ನುವುದು ಎಂಜಿನ್‌ಎಕ್ಸ್‌ನದೇ ಸ್ವಂತ ಸಂಖ್ಯೆ. ಉತ್ತರ ಬರುವ ಮುಂಚೆ ಎದುರಿನವರು ಸಂಪರ್ಕ ಮುಚ್ಚಿದರು ಅಂತ ಅರ್ಥ. ಬಳಕೆದಾರ ಬೇಸತ್ತು ಟ್ಯಾಬ್ ಮುಚ್ಚಿರಬಹುದು. ಆದರೆ ಎಲ್ಲ 499ಗಳೂ ಒಂದೇ ಸೆಕೆಂಡ್ ಲೆಕ್ಕಕ್ಕೆ ಬೀಳುತ್ತಿದ್ದರೆ ಅವರು ಮನುಷ್ಯರಲ್ಲ. ಮುಂದೆ ಇರುವ ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್ ಹಂಚುವ ಸರ್ವರ್) ಅಥವಾ ಸಿಡಿಎನ್‌ನ (ಪುಟಗಳನ್ನು ಬಳಕೆದಾರರ ಹತ್ತಿರದಿಂದ ಕೊಡುವ ಸರ್ವರ್ ಜಾಲ) ಕಾಲಮಿತಿ ನಿಮ್ಮದಕ್ಕಿಂತ ಕಡಿಮೆ ಇದೆ.

ಒಂದು ನಿಮಿಷ ಮೀರುವ ಕೆಲಸಕ್ಕೆ ಟೈಮ್‌ಔಟ್ ಏರಿಸುತ್ತಾ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಕೆಲಸವನ್ನು ಹಿನ್ನೆಲೆಯ ಸರದಿಗೆ ಹಾಕಿ, ಆದಮೇಲೆ ತಿಳಿಸುವ ಹಾಗೆ ಆಪ್ ಬರೆಯುವುದೇ ವಾಸಿ. ಟೈಮ್‌ಔಟ್ ಏರಿಸಲೇಬೇಕು ಅಂದರೆ ಆ ಒಂದು ಲೊಕೇಶನ್‌ಗೆ (ಕಾನ್ಫಿಗ್‌ನಲ್ಲಿ ಒಂದು ವಿಳಾಸದ ಹಾದಿಗೆ ಬರೆದ ಭಾಗ) ಮಾತ್ರ ಏರಿಸಿ.

ಒಂದು ಸ್ಲ್ಯಾಶ್‌ನ ಪಾಡು

ಮುಖಪುಟ ಬರುತ್ತದೆ, ಒಳಪುಟ 404. ಅಥವಾ ಪುಟ ಬರುತ್ತದೆ, ಬಣ್ಣ ಬೆಡಗು ಏನೂ ಇಲ್ಲ, ಸಿಎಸ್‌ಎಸ್ ಎಲ್ಲ 404. ಹೀಗಾದರೆ ಪ್ರಾಕ್ಸಿ_ಪಾಸ್ ಸಾಲಿನ ಕೊನೆಗೆ ಸ್ಲ್ಯಾಶ್ ಇದೆಯಾ ನೋಡಿ.

ಲೊಕೇಶನ್ '/ಆಪ್/' ಇದೆ ಅಂದುಕೊಳ್ಳಿ. ಪ್ರಾಕ್ಸಿ_ಪಾಸ್‌ನಲ್ಲಿ ಪೋರ್ಟ್ ಸಂಖ್ಯೆಗೆ ನಿಲ್ಲಿಸಿದರೆ '/ಆಪ್/ಲಾಗಿನ್' ಅನ್ನುವ ವಿಳಾಸ ಹಾಗೆಯೇ ಹಿಂದಕ್ಕೆ ಹೋಗುತ್ತದೆ. ಪೋರ್ಟ್ ಆದಮೇಲೆ ಒಂದು ಸ್ಲ್ಯಾಶ್ ಹಾಕಿದರೆ '/ಆಪ್/' ಅಳಿಸಿಹೋಗಿ ಆಪ್‌ಗೆ ಬರೀ '/ಲಾಗಿನ್' ಸಿಗುತ್ತದೆ. ಎರಡೂ ಸರಿಯೇ. ಆಪ್ ಯಾವುದನ್ನು ಬಯಸುತ್ತದೆ ಅನ್ನುವುದಷ್ಟೇ ಪ್ರಶ್ನೆ. ಕೆಡುವುದು ಅರ್ಧ ಅರ್ಧ ಬರೆದಾಗ. ಲೊಕೇಶನ್ ಕೊನೆಗೆ ಸ್ಲ್ಯಾಶ್ ಇಲ್ಲ, ಪ್ರಾಕ್ಸಿ_ಪಾಸ್ ಕೊನೆಗೆ ಇದೆ ಅಂದರೆ ಆಪ್‌ಗೆ '//ಲಾಗಿನ್' ಅಂತ ಎರಡು ಸ್ಲ್ಯಾಶ್ ಹೋಗುತ್ತದೆ. ಕೆಲವು ಆಪ್ ಇದನ್ನು ಸಹಿಸಿಕೊಳ್ಳುತ್ತವೆ, ಕೆಲವು 404 ಕೊಡುತ್ತವೆ.

ಸಿಎಸ್‌ಎಸ್ ಕಥೆ ಬೇರೆ. ಆಪ್ ತಾನು ಸೈಟ್‌ನ ಮೂಲ ಹಾದಿ '/'ಯಲ್ಲೇ ಇದ್ದೇನೆ ಅಂದುಕೊಂಡು '/ಸ್ಟ್ಯಾಟಿಕ್/' ಅಂತ ಕೊಂಡಿ ಬರೆಯುತ್ತದೆ. ಬ್ರೌಸರ್ ಆ ಕೊಂಡಿ ಹಿಡಿದು ಬಂದಾಗ '/ಆಪ್/' ಲೊಕೇಶನ್‌ಗೆ ಅದು ಸೇರುವುದಿಲ್ಲ. ಇದನ್ನು ಪ್ರಾಕ್ಸಿಯಲ್ಲಿ ಪಠ್ಯ ಬದಲಿಸಿ ಸರಿಮಾಡಲು ಹೋಗಬೇಡಿ, ಅದಕ್ಕೆ ಕೊನೆಯಿಲ್ಲ. ಆಪ್‌ನಲ್ಲೇ ಮೂಲ ಹಾದಿ ಹೇಳುವ ಸೆಟ್ಟಿಂಗ್ ಇರುತ್ತದೆ. ಇಲ್ಲದಿದ್ದರೆ ಅದಕ್ಕೊಂದು ಉಪಡೊಮೇನ್ ಕೊಟ್ಟುಬಿಡಿ.

ಹೆಡರ್‌ಗಳು

ನೀವು ಏನೂ ಹೇಳದಿದ್ದರೆ ಎಂಜಿನ್‌ಎಕ್ಸ್ ಹೋಸ್ಟ್ ಹೆಡರ್‌ನಲ್ಲಿ ಪ್ರಾಕ್ಸಿ_ಪಾಸ್‌ನಲ್ಲಿ ಬರೆದ ಹೆಸರನ್ನೇ ಕಳಿಸುತ್ತದೆ. ಅಪ್‌ಸ್ಟ್ರೀಮ್ ಗುಂಪಿಗೆ 'ನನ್ನ_ಆಪ್' ಅಂತ ಹೆಸರಿಟ್ಟಿದ್ದರೆ ಆಪ್‌ಗೆ ಹೋಗುವ ಡೊಮೇನ್ ಹೆಸರೇ ಅದು. ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು) ಇದನ್ನು ಕಂಡ ಕೂಡಲೇ 400 ಕೊಡುತ್ತದೆ, ಯಾಕೆಂದರೆ ಡೊಮೇನ್ ಹೆಸರಿನಲ್ಲಿ ಅಡಿಗೆರೆ ಇರಬಾರದು. ಜನ ಅನುಮತಿಸಿದ ಡೊಮೇನ್‌ಗಳ ಪಟ್ಟಿಯನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ. ಪ್ರಾಕ್ಸಿ_ಸೆಟ್_ಹೆಡರ್ ಹಾಕಿ ಹೋಸ್ಟ್‌ಗೆ $ಹೋಸ್ಟ್ ಕೊಟ್ಟರೆ ಮುಗಿಯಿತು.

ಇದಕ್ಕಿಂತ ಹೆಚ್ಚು ಕಾಡುವುದು ಕೊನೆಯಿಲ್ಲದ ರೀಡೈರೆಕ್ಟ್. ಬ್ರೌಸರ್ 'ಟೂ ಮೆನಿ ರೀಡೈರೆಕ್ಟ್ಸ್' ಅನ್ನುತ್ತದೆ. ನಡೆಯುವುದು ಇಷ್ಟು: ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿಯುತ್ತದೆ, ಅಲ್ಲಿಂದ ಆಪ್‌ಗೆ ಸಾದಾ ಎಚ್‌ಟಿಟಿಪಿ. ಆಪ್ ತನಗೆ ಸಾದಾ ರಿಕ್ವೆಸ್ಟ್ ಬಂತು ಅಂದುಕೊಂಡು ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತದೆ. ಬ್ರೌಸರ್ ಅಲ್ಲೇ ಇದೆ, ಮತ್ತೆ ಬರುತ್ತದೆ, ಮತ್ತೆ ಅದೇ ಮಾತು. ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್‌ಗೆ $ಸ್ಕೀಮ್ ಕೊಡಬೇಕು. ಕೊಟ್ಟರಷ್ಟೇ ಸಾಲದು, ಆಪ್ ಅದನ್ನು ನಂಬುವಂತೆಯೂ ಮಾಡಬೇಕು. ನೋಡ್‌ಜೆಎಸ್‌ನ ಚೌಕಟ್ಟಾದ ಎಕ್ಸ್‌ಪ್ರೆಸ್‌ನಲ್ಲಿ 'ಟ್ರಸ್ಟ್ ಪ್ರಾಕ್ಸಿ', ಜಾಂಗೋದಲ್ಲಿ 'ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್' ಅದಕ್ಕೇ ಇರುವುದು. ಎರಡು ಪ್ರಾಕ್ಸಿ ಸಾಲಾಗಿದ್ದರೆ ಇನ್ನೊಂದು ಬಲೆ. ಒಳಗಿನ ಎಂಜಿನ್‌ಎಕ್ಸ್‌ಗೆ ಬರುವುದು ಸಾದಾ ಎಚ್‌ಟಿಟಿಪಿ, ಅಲ್ಲಿ $ಸ್ಕೀಮ್ ಕೂಡ ಸಾದಾ. ಹೊರಗಿನದು ಸರಿಯಾಗಿ ಹಾಕಿ ಕಳಿಸಿದ ಹೆಡರನ್ನು ಒಳಗಿನದು ಅಳಿಸಿ ತಪ್ಪು ಬರೆಯುತ್ತದೆ. ಒಳಗಿನದು ಬಂದ ಹೆಡರನ್ನೇ ಮುಂದಕ್ಕೆ ದಾಟಿಸಬೇಕು.

ಹೆಡರ್ ಎಲ್ಲ ಹಾಕಿದ್ದೇನೆ, ಆದರೂ ಆಪ್‌ಗೆ ಹೋಗುತ್ತಿಲ್ಲ ಅನ್ನುವವರು ಒಳಗಿನ ಲೊಕೇಶನ್ ನೋಡಿ. ಸರ್ವರ್ ಮಟ್ಟದಲ್ಲಿ ಹಾಕಿದ ಪ್ರಾಕ್ಸಿ_ಸೆಟ್_ಹೆಡರ್ ಸಾಲುಗಳು ಲೊಕೇಶನ್‌ಗೆ ಇಳಿದು ಬರುವುದು ಅಲ್ಲಿ ಅಂಥ ಒಂದು ಸಾಲೂ ಇಲ್ಲದಿದ್ದಾಗ ಮಾತ್ರ. ಲೊಕೇಶನ್‌ನಲ್ಲಿ ಒಂದೇ ಒಂದು ಹೊಸ ಹೆಡರ್ ಬರೆದಿರೋ, ಮೇಲಿನವೆಲ್ಲ ಮಾಯ. ಬೇಕಾದ್ದನ್ನೆಲ್ಲ ಒಂದು ಕಡತದಲ್ಲಿಟ್ಟು ಬೇಕಾದ ಕಡೆಯೆಲ್ಲ 'ಇನ್‌ಕ್ಲೂಡ್' ಮಾಡುವುದು ನೆಮ್ಮದಿ.

ವೆಬ್‌ಸಾಕೆಟ್ (ಬ್ರೌಸರ್ ಮತ್ತು ಆಪ್ ನಡುವೆ ತೆರೆದೇ ಇರುವ ಸಂಪರ್ಕ) ಕೂಡ ಹೆಡರ್ ತಕರಾರೇ. ಅದಕ್ಕೆ ಎಚ್‌ಟಿಟಿಪಿ 1.1 ಬೇಕು, ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳು ಆಪ್‌ವರೆಗೆ ತಲುಪಬೇಕು. ಎಂಜಿನ್‌ಎಕ್ಸ್ ಇವೆರಡನ್ನು ತಾನಾಗಿ ದಾಟಿಸುವುದಿಲ್ಲ. ಸರಿಯಾಗಿದ್ದರೆ ಲಾಗ್‌ನಲ್ಲಿ 101 ಕಾಣುತ್ತದೆ. 101 ಬಂದೂ ಸರಿಯಾಗಿ ಒಂದು ನಿಮಿಷಕ್ಕೆ ಕಡಿದುಹೋಗುತ್ತಿದ್ದರೆ ಮತ್ತೆ ಅದೇ 60 ಸೆಕೆಂಡಿನ ರೀಡ್ ಟೈಮ್‌ಔಟ್. ಆಪ್‌ನಿಂದ 30 ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿದರೆ ಸಾಕು. ಸಾಲು ಸಾಲಾಗಿ ಬರಬೇಕಾದ ಉತ್ತರ ಕೊನೆಗೆ ಒಟ್ಟಿಗೆ ಸುರಿಯುತ್ತಿದ್ದರೆ ಅದು ಬಫರಿಂಗ್, ಅಂದರೆ ಎಂಜಿನ್‌ಎಕ್ಸ್ ಉತ್ತರವನ್ನು ಕೂಡಿಟ್ಟುಕೊಂಡು ಕಳಿಸುತ್ತಿದೆ. ಆ ಲೊಕೇಶನ್‌ನಲ್ಲಿ ಪ್ರಾಕ್ಸಿ_ಬಫರಿಂಗ್ ಆಫ್ ಮಾಡಿ, ಇಲ್ಲವೇ ಆಪ್‌ನಿಂದಲೇ 'ಎಕ್ಸ್-ಆಕ್ಸೆಲ್-ಬಫರಿಂಗ್: ನೋ' ಅನ್ನುವ ಹೆಡರ್ ಕಳಿಸಿ.

ಅಳತೆ ಮೀರಿದವು

ಸಣ್ಣ ಫೋಟೋ ಏರುತ್ತದೆ, ದೊಡ್ಡದು 413. ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಮೊದಲೇ 1 ಎಂಬಿ. ಏರಿಸಿ. ಏರಿಸಿದ ಮೇಲೂ 413 ಬಂದರೆ ಅಪ್‌ಸ್ಟ್ರೀಮ್ ಸ್ಟೇಟಸ್ ನೋಡಿ, ಈಗ ಆಪ್ ತಡೆಯುತ್ತಿರಬಹುದು.

ಲಾಗಿನ್ ಆಗುವವರೆಗೆ ಎಲ್ಲ ಸರಿ, ಲಾಗಿನ್ ಆದ ತಕ್ಷಣ 502. ಲಾಗ್‌ನಲ್ಲಿ 'ಅಪ್‌ಸ್ಟ್ರೀಮ್ ಸೆಂಟ್ ಟೂ ಬಿಗ್ ಹೆಡರ್'. ಆಪ್ ಕೊಡುವ ಕುಕಿ ತೀರಾ ದಪ್ಪ. ಉತ್ತರದ ಹೆಡರ್ ಪೂರ್ತಿ ಪ್ರಾಕ್ಸಿ_ಬಫರ್_ಸೈಜ್‌ನಲ್ಲಿ ಹಿಡಿಯಬೇಕು, ಅದು ಯಂತ್ರದ ಪ್ರಕಾರ 4 ಅಥವಾ 8 ಕೆಬಿ. 16 ಕೊಡಿ. ಅದೊಂದನ್ನೇ ಏರಿಸಿದರೆ ಪ್ರಾಕ್ಸಿ_ಬಫರ್ಸ್ ಜೊತೆ ಲೆಕ್ಕ ಹೊಂದುವುದಿಲ್ಲ ಅಂತ ಕಾನ್ಫಿಗ್ ಪರೀಕ್ಷೆಯಲ್ಲೇ ಗದರಬಹುದು, ಆಗ ಅದನ್ನೂ ಏರಿಸಿ. ಕುಕಿಯಲ್ಲಿ ಅಷ್ಟೆಲ್ಲ ತುಂಬುವ ಅಗತ್ಯವಿದೆಯಾ ಅಂತ ಆಪ್ ಬರೆದವರನ್ನು ಕೇಳುವುದೂ ನ್ಯಾಯವೇ.

ಕಂಟೇನರ್‌ಗಳಲ್ಲಿ

ಡಾಕರ್ ಅನ್ನುವ ಸಾಧನ ಆಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುತ್ತದೆ. ಅದರ ಒಳಗೆ ಎಂಜಿನ್‌ಎಕ್ಸ್ ಇದ್ದರೆ 127.0.0.1 ಅಂದರೆ ಆ ಕಂಟೇನರ್ ತಾನೇ. ಪಕ್ಕದ ಆಪ್ ಅಲ್ಲ, ಹೊರಗಿನ ಯಂತ್ರವೂ ಅಲ್ಲ. ಸರ್ವಿಸ್ ಹೆಸರು ಬಳಸಿ, ಕಂಟೇನರ್ ಒಳಗಿನ ಪೋರ್ಟ್ ಹಾಕಿ. ಆಪ್ ಕೂಡ ತನ್ನ ಕಂಟೇನರ್‌ನಲ್ಲಿ 0.0.0.0ಗೆ ಅಂಟಿಕೊಂಡಿರಬೇಕು.

ಇಷ್ಟೂ ಸರಿಯಿದ್ದು, ಆಪ್ ಕಂಟೇನರನ್ನು ಹೊಸದಾಗಿ ನಿಲ್ಲಿಸಿದಾಗಲೆಲ್ಲ 502 ಬಂದು, ಎಂಜಿನ್‌ಎಕ್ಸ್ ರೀಲೋಡ್ ಮಾಡಿದರೆ ಸರಿಹೋಗುತ್ತದೆಯೇ? ಪ್ರಾಕ್ಸಿ_ಪಾಸ್‌ನಲ್ಲಿ ನೇರವಾಗಿ ಬರೆದ ಹೆಸರನ್ನು ಎಂಜಿನ್‌ಎಕ್ಸ್ ಶುರುವಾಗುವಾಗ ಒಮ್ಮೆ ಹುಡುಕಿ ಐಪಿ ನೆನಪಿಟ್ಟುಕೊಳ್ಳುತ್ತದೆ. ಹೊಸ ಕಂಟೇನರ್‌ಗೆ ಹೊಸ ಐಪಿ ಸಿಕ್ಕಿರುತ್ತದೆ, ಇದು ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿರುತ್ತದೆ. 'ರಿಸಾಲ್ವರ್' ಸಾಲಿನಲ್ಲಿ ಡಾಕರ್‌ನ ಡಿಎನ್‌ಎಸ್ 127.0.0.11 ಕೊಟ್ಟು, ಆಪ್‌ನ ಹೆಸರನ್ನು ಒಂದು ವೇರಿಯಬಲ್‌ನಲ್ಲಿಟ್ಟು ಪ್ರಾಕ್ಸಿ_ಪಾಸ್‌ನಲ್ಲಿ ಅದನ್ನು ಬಳಸಿದರೆ ಹೆಸರನ್ನು ಓಡುವಾಗಲೂ ಹುಡುಕುತ್ತದೆ. ಡಾಕರ್‌ನ ಈ ಡಿಎನ್‌ಎಸ್ ಸಿಗುವುದು ನೀವೇ ಮಾಡಿಕೊಂಡ ನೆಟ್‌ವರ್ಕ್‌ನಲ್ಲಿ ಮಾತ್ರ.

ಪೋಸ್ಟ್‌ಗಳೇ ಬೀಳುತ್ತವೆ

ಸಾವಿರಕ್ಕೊಂದು 502. ಗೆಟ್ (ಪುಟ ಕೇಳುವ) ರಿಕ್ವೆಸ್ಟ್‌ಗಳಿಗೆ ಬರುವುದಿಲ್ಲ, ಪೋಸ್ಟ್‌ಗಳಿಗೆ (ಮಾಹಿತಿ ಕಳಿಸುವ ರಿಕ್ವೆಸ್ಟ್) ಮಾತ್ರ ಬರುತ್ತದೆ. ಲಾಗ್‌ನಲ್ಲಿ 104 (ಎದುರಿನವರು ಸಂಪರ್ಕ ಕಡಿದರು) ಅಥವಾ 'ಪ್ರಿಮೆಚ್ಯೂರ್‌ಲಿ ಕ್ಲೋಸ್ಡ್', ಆದರೆ ಅಪ್‌ಸ್ಟ್ರೀಮ್ ಸಮಯ ಸೊನ್ನೆಗೆ ಹತ್ತಿರ. ಅಪ್‌ಸ್ಟ್ರೀಮ್‌ಗೆ ಕೀಪ್‌ಅಲೈವ್ (ಸಂಪರ್ಕ ಮುಚ್ಚದೆ ಮತ್ತೆ ಬಳಸುವುದು) ಹಾಕಿದವರಿಗೆ ಇದು ಬರುತ್ತದೆ. ಎಂಜಿನ್‌ಎಕ್ಸ್ ಖಾಲಿ ಕುಳಿತ ಸಂಪರ್ಕವನ್ನು 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ನೋಡ್‌ಜೆಎಸ್‌ನ ಬಹಳಷ್ಟು ಆವೃತ್ತಿಗಳು 5 ಸೆಕೆಂಡ್‌ಗೇ ಮುಚ್ಚುತ್ತವೆ. ಆಪ್ ಮುಚ್ಚುವ ಕ್ಷಣದಲ್ಲೇ ಪ್ರಾಕ್ಸಿ ಅದರ ಮೇಲೆ ಹೊಸ ರಿಕ್ವೆಸ್ಟ್ ಹಾಕಿದರೆ ಅದು ಬಿತ್ತು. ಗೆಟ್ ಆದರೆ ಎಂಜಿನ್‌ಎಕ್ಸ್ ಮತ್ತೊಮ್ಮೆ ಕಳಿಸಿ ಮುಚ್ಚಿಹಾಕುತ್ತದೆ. ಪೋಸ್ಟ್ ಎರಡು ಸಲ ಹೋದರೆ ಎರಡು ಸಲ ಹಣ ಕಡಿತವಾಗಬಹುದು, ಅದಕ್ಕೇ ಅದನ್ನು ಮರುಕಳಿಸುವುದಿಲ್ಲ. ಆ ಮರುಕಳಿಕೆಯನ್ನು ಆನ್ ಮಾಡಲು ಹೋಗಬೇಡಿ. ಆಪ್‌ನ ಕೀಪ್‌ಅಲೈವ್ ಸಮಯ ಪ್ರಾಕ್ಸಿಯದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, 65 ಸೆಕೆಂಡ್ ಅಂತಿಟ್ಟುಕೊಳ್ಳಿ. ಮುಚ್ಚುವ ಕೆಲಸ ಯಾವಾಗಲೂ ಪ್ರಾಕ್ಸಿ ಕಡೆಯಿಂದ ಆಗಬೇಕು.

ಬದಲಿಸಿದೆ, ಏನೂ ಆಗಲಿಲ್ಲ

'ಎಂಜಿನ್‌ಎಕ್ಸ್ -ಟಿ' ಅಂತ ಸಣ್ಣ ಟಿ ಕೊಟ್ಟರೆ ಕಾನ್ಫಿಗ್ ಸರಿಯಿದೆಯಾ ಅಂತ ಪರೀಕ್ಷೆ. ದೊಡ್ಡ ಟಿ ಕೊಟ್ಟರೆ ಓದಿಕೊಂಡ ಕಡತಗಳನ್ನೆಲ್ಲ ಪರದೆ ಮೇಲೆ ಸುರಿಯುತ್ತದೆ. ನೀವು ತಿದ್ದಿದ ಕಡತ ಅದರಲ್ಲಿ ಇದೆಯಾ ಮೊದಲು ನೋಡಿ. ಇಲ್ಲದಿದ್ದರೆ ನೀವು ಬೇರೆಲ್ಲೋ ತಿದ್ದುತ್ತಿದ್ದೀರಿ. ಒಂದೇ ಸರ್ವರ್_ನೇಮ್ ಎರಡು ಕಡತದಲ್ಲಿದ್ದರೆ ಎರಡನೆಯದನ್ನು ಬಿಟ್ಟುಬಿಡುತ್ತದೆ, ಬರೀ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಫೋಲ್ಡರ್‌ನಲ್ಲಿರುವ ಎಲ್ಲವನ್ನೂ ಓದುವ ಹಾಗೆ ಇನ್‌ಕ್ಲೂಡ್ ಇದ್ದರೆ, ಅದೇ ಫೋಲ್ಡರ್‌ನಲ್ಲಿ ತೆಗೆದಿಟ್ಟ ಹಳೆಯ ನಕಲೂ ಜೀವಂತ ಕಾನ್ಫಿಗ್ ಆಗುತ್ತದೆ. ನಕಲನ್ನು ಬೇರೆ ಜಾಗದಲ್ಲಿಡಿ.

ಕಾನ್ಫಿಗ್‌ನಲ್ಲಿ ತಪ್ಪಿದ್ದಾಗ ರೀಲೋಡ್ ಕೊಟ್ಟರೆ ಎಂಜಿನ್‌ಎಕ್ಸ್ ಹಳೆಯದರಲ್ಲೇ ಮುಂದುವರಿಯುತ್ತದೆ. ಸೈಟ್ ಬೀಳುವುದಿಲ್ಲ, ಒಳ್ಳೆಯದೇ. ಆದರೆ ಬದಲಾವಣೆ ಬಂದಿದೆ ಅಂತ ನೀವು ತಿಳಿಯುತ್ತೀರಿ. ಸರಿಯಾದ ರೀಲೋಡ್ ಆದಮೇಲೂ ಹಳೆಯ ವರ್ಕರ್‌ಗಳು ತಮ್ಮ ಕೈಯಲ್ಲಿರುವ ಸಂಪರ್ಕ ಮುಗಿಯುವವರೆಗೆ ಇರುತ್ತವೆ. ವೆಬ್‌ಸಾಕೆಟ್ ಜಾಸ್ತಿ ಇರುವ ಕಡೆ ಅದು ಗಂಟೆಗಟ್ಟಲೆ ಆಗಬಹುದು. 'ಪಿಎಸ್' ಕೊಟ್ಟಾಗ 'ಈಸ್ ಶಟಿಂಗ್ ಡೌನ್' ಅಂತ ಬರೆದುಕೊಂಡ ವರ್ಕರ್‌ಗಳು ಕಂಡರೆ ಅವು ಇವೇ. ವರ್ಕರ್_ಶಟ್‌ಡೌನ್_ಟೈಮ್‌ಔಟ್ ಒಂದು ಕೊಟ್ಟಿಟ್ಟರೆ ಆ ಅವಧಿ ಮುಗಿದ ಮೇಲೆ ಉಳಿದ ಸಂಪರ್ಕಗಳನ್ನು ಕಡಿದು ಅವು ಹೊರಡುತ್ತವೆ.